ಹೆಸರು ಕೂಗಬೇಡಿ ಎಂದಿದ್ದವರು

ಕಟ್.

ಅಷ್ಟೇ ಸದ್ದು. ಅಂಗೈಯಲ್ಲಿ ಹಿಡಿಸುವಂಥ ಮರದ ಎರಡು ಹಲಗೆ, ಒಂದು ಬದಿಗೆ ಚರ್ಮದ ಪಟ್ಟಿಯ ಕೀಲು, ನೋಡಲು ಪುಟ್ಟ ಪ್ರೇಯರ್ ಬುಕ್ ಇದ್ದ ಹಾಗೆ. ಹೆಬ್ಬೆರಳಿನಿಂದ ಮೇಲಿನ ಹಲಗೆಯನ್ನು ಎತ್ತಿ ಬಿಟ್ಟರೆ ಕಟ್ ಎನ್ನುತ್ತಿತ್ತು. ಒಂದು ಸಲ ಹೊಡೆದರೆ ಎದ್ದು ನಿಲ್ಲಬೇಕು. ಎರಡು ಸಲ ಹೊಡೆದರೆ ಸಾಲು ಹಿಡಿಯಬೇಕು. ಚಾಪೆಲ್ಲಿನೊಳಗೆ ಹೊಡೆದರೆ ಮಂಡಿಯೂರಬೇಕು. ನಾವು ಕ್ಯಾಥೊಲಿಕ್ ಅಲ್ಲದ ಹುಡುಗಿಯರು ತಲೆ ತಗ್ಗಿಸಿದರೆ ಸಾಕಿತ್ತು. ಕ್ಲಾಪರ್ ಎನ್ನುತ್ತಿದ್ದರು ಅದಕ್ಕೆ. ರಾಜಾಜಿನಗರದ ನಮ್ಮ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಬಾಯಿಯನ್ನೇ ತೆರೆಯದೆ ಇಡೀ ಸ್ಕೂಲನ್ನು ಆ ಒಂದು ಸದ್ದಿನಿಂದ ಆಳುತ್ತಿದ್ದರು. ಈಗಲೂ ನನ್ನ ಅಡುಗೆಮನೆಯಲ್ಲಿ ಯಾವುದಾದರೂ ಡಬ್ಬಿಯ ಮುಚ್ಚಳ ಹಾಗೆ ಸದ್ದು ಮಾಡಿದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಅವರ ಬಗ್ಗೆ ಬರೆಯಲು ಕುಳಿತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಯಾಕೆ ಎನ್ನುವುದು ಮುಂದೆ ಬರುತ್ತದೆ. ಅವರು ಹೋಗಿ ಬದುಕಿದ ಕಾಡಿನ ಜನರ ಕುಲದ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಎರಡು ಪಂಗಡದವರು ಆ ಜನರನ್ನು ಹುಡುಕಿಕೊಂಡು ಹೋಗುತ್ತಾರೆ: ಉದ್ಧಾರ ಮಾಡಲು ಒಂದು, ತಮ್ಮ ಧರ್ಮಕ್ಕೆ ವಾಪಸ್ ಕರೆತರಲು ಇನ್ನೊಂದು. ಪಾಪ, ಆ ಜನ ಇಬ್ಬರನ್ನೂ ಕರೆದಿರಲಿಲ್ಲ.

ಸಿಸ್ಟರ್ ಮಂಗಳೂರು ಕಡೆಯವರು. ಮನೆಮಾತು ಕೊಂಕಣಿ. ಆಗ ತುಂಬಾ ಯಂಗ್, ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು, ಆದರೆ ಬಿಳಿ ಹ್ಯಾಬಿಟ್ ತೊಟ್ಟವರಿಗೆ ವಯಸ್ಸಿರುತ್ತದೆ ಎಂದು ನಮಗೆ ಹೊಳೆದೇ ಇರಲಿಲ್ಲ. ನಮಗೆ ಇಂಗ್ಲಿಷ್ ಮತ್ತು ಮಾರಲ್ ಸೈನ್ಸ್ ಕಲಿಸುತ್ತಿದ್ದರು. "ಬ್ಯಾಕ್‌ಬೋನ್, ಗರ್ಲ್ಸ್, ಬ್ಯಾಕ್‌ಬೋನ್!" ಎನ್ನುತ್ತ ಬೆಂಚುಗಳ ನಡುವೆ ನಡೆದು ಬರುವರು. ಕನ್ನಡ ಮಾತನಾಡಿ ಸಿಕ್ಕಿಬಿದ್ದರೆ ಊಟದ ಬೆಲ್ಲಿನ ತನಕ ಕಾರಿಡಾರಿನಲ್ಲಿ ನಿಲ್ಲಿಸುವರು. ಆದರೆ ಕೋಪ ಬಂದಾಗ ಅವರ ಬಾಯಿಂದಲೇ ಕನ್ನಡ ಬರುತ್ತಿತ್ತು. "ಎಂತ ಮಾರಾಯ್ತಿ, ನಿನ್ನ ತಲೆಯಲ್ಲಿ ಮೆದುಳು ಉಂಟಾ, ಇಲ್ಲ ಬೂದಿ ಉಂಟಾ?" ಆಗ ಹಿಂದಿನ ಬೆಂಚಿನಿಂದ ಯಾರಾದರೂ, "ಸಿಸ್ಟರ್, ಕಾರಿಡಾರ್!" ಎನ್ನುವರು. ಅವರು ನಗುವನ್ನು ನುಂಗಿಕೊಂಡು, ಕ್ಲಾಪರ್ ಹಿಡಿದು ಹೋಗಿ ಕಾರಿಡಾರಿನಲ್ಲಿ ಒಂದು ನಿಮಿಷ ನಿಂತು ಬರುವರು. ಅದಕ್ಕೇ ಅವರೆಂದರೆ ನಮಗೆ ಪ್ರಾಣ.

ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ಅಪ್ಪ ಸರ್ಕಾರಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ನನಗೆ ಅಜ್ಜಿಯ ಹೆಸರು: ಗುರುಬಸವ್ವ. ಮೊದಲ ದಿನವೇ ಸಿಸ್ಟರ್, "ಟೂ ಲಾಂಗ್, ಮೈ ಡಿಯರ್," ಎಂದು ನನ್ನನ್ನು ಗ್ರೇಸ್ ಮಾಡಿದರು. ನನಗೇನೂ ಬೇಜಾರಾಗಲಿಲ್ಲ, ಖುಷಿಯಾಯಿತು. ಮುಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿದ್ದೂ ಆ ಕಾನ್ವೆಂಟ್ ಇಂಗ್ಲಿಷಿನಿಂದಲೇ, ಅಲ್ಲಿಯೂ ನಾನು ಗ್ರೇಸೇ. ನನ್ನ ಹೆಸರನ್ನು ಪೂರ್ತಿಯಾಗಿ ಕರೆಯುತ್ತಿದ್ದವಳು ಅಜ್ಜಿಯೊಬ್ಬಳೇ. ಅವಳು ಹೋದ ಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಿಸ್ಟರ್ ನಡು ವರ್ಷದಲ್ಲಿ ನಮ್ಮನ್ನು ಬಿಟ್ಟುಹೋದರು. ದೂರದ ಬೆಟ್ಟದಲ್ಲಿ, ಬಸ್ಸು ಹೋಗದ ಕಾಡಿನೊಳಗೆ, ಜೇನು ಕಿತ್ತು ಗೆಡ್ಡೆ ಅಗೆದು ಬದುಕುವ ಜನರ ನಡುವೆ ಮಿಷನ್ ಶುರುವಾಗುತ್ತಿತ್ತು. ಇವರು ತಾವಾಗಿಯೇ ಕೇಳಿಕೊಂಡರಂತೆ. ಅಸೆಂಬ್ಲಿಯಲ್ಲಿ ಮದರ್ ಇದನ್ನು ಹೇಳಿದಾಗ ನಾವೆಲ್ಲ ಗೊಳೋ ಎಂದು ಅತ್ತೆವು. ಸಿಸ್ಟರ್ ಕ್ಲಾಪರನ್ನು ಒಂದು ಸಲ ಹೊಡೆದರು. ಅಳು ನಿಂತಿತು. "ಅಲ್ಲಿಯ ಮಕ್ಕಳಿಗೆ ಯಾರೂ ಇಲ್ಲ. ನಿಮಗೆ ಎಲ್ಲ ಉಂಟು," ಎಂದು ಕನ್ನಡದಲ್ಲಿಯೇ ಹೇಳಿದರು. ಕ್ಲಾಪರನ್ನು ಜೊತೆಗೇ ತೆಗೆದುಕೊಂಡು ಹೋದರು. ಅಲ್ಲಿಯ ಮಕ್ಕಳಿಗೆ ಅಪ್ಪ, ಅಮ್ಮ, ಅಜ್ಜಿ, ಇಡೀ ಕಾಡು ಎಲ್ಲ ಇತ್ತು ಎಂದು ನನಗೆ ತಿಳಿಯಲು ಅರ್ಧ ಶತಮಾನ ಹಿಡಿಯಿತು. ಅವರಿಗೆ ಅಷ್ಟು ಹಿಡಿಯಲಿಲ್ಲ, ಆದರೆ ತಡವಂತೂ ಆಯಿತು.

ಮರುವರ್ಷ ಮಿಷನ್ ಮ್ಯಾಗಜೀನಿನಲ್ಲಿ ಅವರ ಬರಹ ಬಂತು. ಅಸೆಂಬ್ಲಿಯಲ್ಲಿ ಅದನ್ನು ಓದಿ ಹೇಳಿದರು. ಆ ಜನರಲ್ಲಿ ಒಂದು ಪದ್ಧತಿ ಇತ್ತಂತೆ: ಯಾರಾದರೂ ಸತ್ತರೆ ಅವರ ಹೆಸರನ್ನು ಬಾಯಿಂದ ಆಡುವ ಹಾಗಿಲ್ಲ. ಸತ್ತವರು ದಾರಿಯಲ್ಲಿ ನಡೆದು ಹೋಗುತ್ತಿರುತ್ತಾರೆ. ಹೆಸರು ಕೇಳಿಸಿದರೆ ತಿರುಗಿ ಬಂದುಬಿಡುತ್ತಾರೆ. ಬಂದವರು ಮನೆಯೊಳಗೆ ಬರುವಂತಿಲ್ಲ, ಮತ್ತೆ ಹೋಗಲೂ ದಾರಿ ಸಿಗುವುದಿಲ್ಲ, ಹೊರಗೆ ನಿಂತೇ ಇರುತ್ತಾರೆ. ಅದೇ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿ, ಆ ಹೆಸರನ್ನು ಅದಕ್ಕೆ ಇಟ್ಟ ಮೇಲೆಯೇ ಅವರಿಗೆ ಬಿಡುಗಡೆ. ಹಾಗಾಗಿ ಊರಿನಲ್ಲಿ ಒಬ್ಬ ಸತ್ತರೆ ಅದೇ ಹೆಸರಿನ ಇನ್ನೊಬ್ಬ ತನ್ನ ಹೆಸರನ್ನೇ ಬದಲಿಸಿಕೊಳ್ಳುತ್ತಾನಂತೆ. "ಹೋದ ವಾರ ನನ್ನ ಅಡುಗೆಯವನ ಹೆಸರು ಏನಿತ್ತೋ, ಈ ವಾರ ಅದಲ್ಲ!" ಎಂದು ಸಿಸ್ಟರ್ ತಮಾಷೆಯಾಗಿ ಬರೆದಿದ್ದರು. ಇಡೀ ಅಸೆಂಬ್ಲಿ ನಕ್ಕಿತು. ನಾನೂ ನಕ್ಕೆ. ಗಂಡನ ಹೆಸರನ್ನು ಕೊನೆಯ ಉಸಿರಿನ ತನಕ ಬಾಯಿಗೆ ತಾರದ ಅಜ್ಜಿ ನಮ್ಮ ಮನೆಯಲ್ಲೇ ಇದ್ದಳು, ಆದರೂ ನಕ್ಕೆ. ಕಾನ್ವೆಂಟ್ ಎಂದರೆ ಅದೇ ಅಲ್ಲವೇ.

ಆಮೇಲೆ ಸಿಸ್ಟರ್ ನಮ್ಮ ಬದುಕಿನಿಂದ ಮರೆಯಾದರು. ನನ್ನ ಮದುವೆ, ಕೆಲಸ, ಮಕ್ಕಳು, ರಿಟೈರ್‌ಮೆಂಟ್, ಯಜಮಾನರು ಹೋದದ್ದು. ಕೆಲವು ವರ್ಷಗಳ ಕೆಳಗೆ ನಮ್ಮ ಓಲ್ಡ್ ಗರ್ಲ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಒಂದು ಮೆಸೇಜ್ ಬಂತು: ಸಿಸ್ಟರ್ ವಾಪಸ್ ಬಂದಿದ್ದಾರೆ, ಹೇರೋಹಳ್ಳಿಯಲ್ಲಿ ವಯಸ್ಸಾದ ಸಿಸ್ಟರುಗಳ ಮನೆಯಲ್ಲಿ ಇದ್ದಾರೆ. ಎಲ್ಲರೂ ಕೈಮುಗಿಯುವ ಗೊಂಬೆ ಹಾಕಿದರು. ಹೋದವಳು ನಾನೊಬ್ಬಳೇ. ನಾನಿರುವುದು ಚಂದ್ರಾ ಲೇಔಟಿನಲ್ಲಿ, ದೂರವೇನಲ್ಲ.

"ಆಂಟಿ, ಇದು ರೋಡಾ ಹೇಳಿ? ನನ್ ಗಾಡಿ ಆಕ್ಸಲ್ ಹೋದ್ರೆ ನಿಮ್ ಸಿಸ್ಟರ್ ಕೊಡ್ತಾರಾ?" ಎಂದು ಆಟೋದವನು ದಾರಿಯುದ್ದಕ್ಕೂ ಗೊಣಗಿದ. ಹೊಸ ಸೈಟುಗಳು, ಅರ್ಧ ಎದ್ದ ಮನೆಗಳು, ಅವುಗಳ ನಡುವೆ ಎತ್ತರದ ಕಾಂಪೌಂಡಿನ ಒಂದು ಕಟ್ಟಡ. ಒಳಗೆ ಹೋದರೆ ಸಿಸ್ಟರ್ ಕೋಣೆಯಲ್ಲಿ ಇರಲಿಲ್ಲ. ಹಿಂದಿನ ಅಂಗಳದಲ್ಲಿ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಬ್ಯಾಕ್‌ಬೋನ್ ಬಾಗಿ ಬಿಲ್ಲಾಗಿತ್ತು. ಕಪ್ಪಗೆ ಒಣಗಿ ಹೋಗಿದ್ದರು. ನಾನು, "ಗುಡ್ ಈವ್ನಿಂಗ್ ಸಿಸ್ಟರ್, ಗ್ರೇಸ್," ಎಂದೆ. ಅವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಗುರುಬಸವ್ವ," ಎಂದರು. "ಎಂತ ಮಾರಾಯ್ತಿ, ಇಷ್ಟು ದಪ್ಪ ಆದದ್ದು ಯಾವಾಗ ನೀನು?"

ಅಜ್ಜಿ ಹೋದ ಮೇಲೆ ಮೊದಲ ಸಲ ಆ ಹೆಸರನ್ನು ಬೇರೆಯವರ ಬಾಯಿಂದ ಕೇಳಿದ್ದು. ನಾನೂ ನೆಲದ ಮೇಲೆ ಅವರ ಪಕ್ಕ ಕುಳಿತೆ.

"ಟೂ ಲಾಂಗ್ ಅಂತಿದ್ರಲ್ಲ ಸಿಸ್ಟರ್?"

"ಅದು ಆಗ. ಆಗ ನಂಗೆ ಎಲ್ಲ ಗೊತ್ತಿತ್ತು."

ಅಂದಿನಿಂದ ವಾರಕ್ಕೊಮ್ಮೆ ಹೋಗತೊಡಗಿದೆ. ಅವರಿಗೆ ಮಂಚದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಚಾಪೆ ಹಾಸಿಕೊಳ್ಳುವರು. ಬೇರೆ ಸಿಸ್ಟರುಗಳಿಗೆ ಅದು ಇರುಸುಮುರುಸು. ಊಟದ ಬೆಲ್ ಹೊಡೆದರೆ ಏಳುತ್ತಿರಲಿಲ್ಲ, ಹಸಿವಾದಾಗ ಅಡುಗೆಮನೆಗೆ ಹೋಗಿ ಹಿಟ್ಟು ಕಲಸಿಕೊಂಡು ತಿನ್ನುವರು. ಯಾರಾದರೂ ಮಾತನಾಡುತ್ತಿದ್ದರೆ ಎಂಥ ಕೆಲಸಕ್ಕೆ ಬಾರದ ಮಾತಾದರೂ ಮುಗಿಯುವ ತನಕ ಕಾಯುವರು. ನಮ್ಮನ್ನು ಅರ್ಧ ವಾಕ್ಯಕ್ಕೇ ಕ್ಲಾಪರಿನಿಂದ ಕತ್ತರಿಸುತ್ತಿದ್ದವರು ಇವರೇನಾ ಎನಿಸುತ್ತಿತ್ತು. "ಅವರಲ್ಲಿ ಹಾಗೆ," ಎಂದರು ಒಮ್ಮೆ. "ಮಾತಾಡುವವರ ಬಾಯಿ ಮುಚ್ಚಿಸುದು ಅಂದ್ರೆ ಕುತ್ತಿಗೆ ಹಿಸುಕಿದ ಹಾಗೆ. ಮುಗಿಯುವವರೆಗೆ ಕೂರ್ತಾರೆ. ಬೇಡದ್ದಾದರೂ."

ಕೊನೆಯ ಮಾತನ್ನು ಹೇಳುವಾಗ ಅವರ ದನಿ ಬೇರೆಯಾಗಿತ್ತು. ಅದರ ಹಿಂದಿನ ಕಥೆ ನನಗೆ ತುಂಡು ತುಂಡಾಗಿ ಸಿಕ್ಕಿತು. ಜೋಡಿಸಿ ಬರೆಯುತ್ತೇನೆ.

ಬೆಟ್ಟಕ್ಕೆ ಹೋದ ಹೊಸದರಲ್ಲಿ ಸಿಸ್ಟರಿಗೆ ಒಬ್ಬ ಹೆಣ್ಣುಮಗಳು ಸ್ನೇಹವಾಗಿದ್ದಳು. ಯಾವ ಗೆಡ್ಡೆಯನ್ನು ಎಷ್ಟು ನೀರಿನಲ್ಲಿ ಬೇಯಿಸಿದರೆ ಕಹಿ ಹೋಗುತ್ತದೆ, ಆನೆ ಎದುರಾದರೆ ಯಾವ ಕಡೆ ನಿಲ್ಲಬೇಕು, ಅವರ ಭಾಷೆಯಲ್ಲಿ ಯಾವ ಮಾತನ್ನು ಗಂಡಸರ ಮುಂದೆ ಆಡಬಾರದು, ಎಲ್ಲ ಕಲಿಸಿದವಳು ಅವಳು. ಅವಳಿಗೆ ಒಬ್ಬಳೇ ಮಗಳು. ಸಿಸ್ಟರಿನ ಶಾಲೆಗೆ ಮೊದಲು ಬಂದವಳು, ಮರಳಿನ ಮೇಲೆ ಮೊದಲು ಅಕ್ಷರ ತಿದ್ದಿದವಳು ಆ ಮಗು. "ನನ್ನ ಮಡಿಲಲ್ಲಿ ಕೂತು ನನ್ನ ಶಿಲುಬೆ ಚೀಪ್ತಿತ್ತು," ಎಂದು ಹೇಳಿ ಸಿಸ್ಟರ್ ಕೊರಳಿನ ಶಿಲುಬೆಯನ್ನು ನೋಡಿಕೊಂಡರು.

ಒಂದು ವರ್ಷ ಅವರ ಹಾಡಿಗೆ, ಆ ಪುಟ್ಟ ಗುಡಿಸಲುಗಳ ಊರಿಗೆ, ದಡಾರ ಬಂತು. ಮಳೆಗೆ ಕಾಡುದಾರಿ ಕೊಚ್ಚಿಹೋಗಿತ್ತು, ಡಾಕ್ಟರ್ ಬರಲಿಲ್ಲ. ಸಿಸ್ಟರ್ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಇಳಿದರು. ಕೆಲವು ಮಕ್ಕಳು ಬದುಕಿದವು, ಕೆಲವು ಅವರ ಹೆಗಲ ಮೇಲೆಯೇ ಹೋದವು. ಆ ಹುಡುಗಿಯೂ ಹೋದಳು.

ಜನ ತಮ್ಮ ಪದ್ಧತಿಯಂತೆ ಸುಮ್ಮನಾದರು. ಒಂದು ಮಗುವಿನ ಹೆಸರನ್ನೂ ಯಾರೂ ಎತ್ತಲಿಲ್ಲ. ಸಿಸ್ಟರಿಗೆ ಅದನ್ನು ತಡೆಯಲಾಗಲಿಲ್ಲ. ನವೆಂಬರ್ ಬಂತು. ಕ್ಯಾಥೊಲಿಕರಿಗೆ ಆ ತಿಂಗಳ ಎರಡನೇ ತಾರೀಖು ಸತ್ತವರ ಹಬ್ಬ, ಆಲ್ ಸೋಲ್ಸ್ ಡೇ. ಸತ್ತವರ ಹೆಸರನ್ನು ಒಂದೊಂದಾಗಿ ಕರೆದು ಪ್ರಾರ್ಥನೆ ಮಾಡಿದರೆ ಆ ಆತ್ಮ ಪರ್ಗೆಟರಿಯಿಂದ, ಅಂದರೆ ಸ್ವರ್ಗದ ಹೊರಗೆ ಕಾಯುವ ಕಡೆಯಿಂದ, ಬೇಗ ಒಳಗೆ ಹೋಗುತ್ತದೆ ಎಂದು ನಂಬಿಕೆ. ಕರೆದರೆ ಮುಂದಕ್ಕೆ ಹೋಗುತ್ತಾರೆ ಎಂದು ಇವರು, ಕರೆದರೆ ಹಿಂದಕ್ಕೆ ತಿರುಗುತ್ತಾರೆ ಎಂದು ಅವರು. ಮೇಣದಬತ್ತಿ ಹಚ್ಚಿ, ತಗಡಿನ ಚಾವಣಿಯ ಕೆಳಗೆ ಎಲ್ಲರನ್ನೂ ಕೂರಿಸಿ, ಬೆಟ್ಟ ಹತ್ತಿ ಬಂದಿದ್ದ ಫಾದರಿನ ಪಕ್ಕದಲ್ಲಿ ನಿಂತು, ಸಿಸ್ಟರ್ ತಾವೇ ಓದಿದರು. ನಿಧಾನವಾಗಿ, ಒಂದೊಂದೇ ಹೆಸರು.

"ನಿಮಗೆ ಗೊತ್ತಿತ್ತಲ್ಲ ಸಿಸ್ಟರ್," ಎಂದೆ ನಾನು. "ಮ್ಯಾಗಜೀನಿನಲ್ಲಿ ನೀವೇ ಬರೆದಿದ್ರಿ. ನಾವೆಲ್ಲ ನಕ್ಕಿದ್ವಿ."

"ಗೊತ್ತಿತ್ತು ಮಾರಾಯ್ತಿ. ಅದೇ ಅಲ್ವಾ. ಗೊತ್ತಿಲ್ಲದೆ ಮಾಡಿದ್ರೆ ದೇವರ ಹತ್ರ ಹೇಳ್ಲಿಕ್ಕೆ ಒಂದು ಮಾತು ಇರ್ತಿತ್ತು. ಗೊತ್ತಿದ್ದೂ, ನನ್ನ ಪ್ರೀತಿ ಅವರ ಭಯಕ್ಕಿಂತ ದೊಡ್ಡದು ಅಂದ್ಕೊಂಡೆ."

ಯಾರೂ ತಡೆಯಲಿಲ್ಲ. ಅವರಲ್ಲಿ ತಡೆಯುವುದಿಲ್ಲ. ಆ ಹುಡುಗಿಯ ಹೆಸರು ಬಂದಾಗ ತಾಯಿ ಸಿಸ್ಟರಿನ ಬಾಯನ್ನೇ ನೋಡುತ್ತ ಕುಳಿತಿದ್ದಳಂತೆ. ಎಲ್ಲ ಹೆಸರೂ ಮುಗಿದ ಮೇಲೆ ಜನ ಎದ್ದರು, ಹೋದರು. ಬೆಳಿಗ್ಗೆ ನೋಡಿದರೆ ಹಾಡಿ ಖಾಲಿ. ಒಲೆಗಳು ತಣ್ಣಗಾಗಿದ್ದವು. ಕೋಳಿಯೂ ಇರಲಿಲ್ಲ.

ಒಂದು ಮಳೆಗಾಲ ಸಿಸ್ಟರ್ ಒಬ್ಬರೇ ಆ ಖಾಲಿ ಹಾಡಿಯಲ್ಲಿ ಇದ್ದರು. ಆಮೇಲೆ ಜನ ಹಳ್ಳದ ಆಚೆ ಬಂದು ಹೊಸ ಗುಡಿಸಲು ಹಾಕಿಕೊಂಡರು. ಜ್ವರ ಬಂದರೆ ಮಾತ್ರೆಗೆ ಬರುವರು, ಮಕ್ಕಳನ್ನು ಶಾಲೆಗೂ ಕಳಿಸಿದರು. ಒಂದನ್ನು ಮಾತ್ರ ಕೊಡಲಿಲ್ಲ: ಹೆಸರು. ಆಮೇಲೆ ಸಿಸ್ಟರ್ ಅಲ್ಲಿ ಇದ್ದ ಅಷ್ಟೂ ವರ್ಷ, ಒಬ್ಬನೇ ಒಬ್ಬನೂ ತನ್ನ ಹೆಸರನ್ನು ಅವರಿಗೆ ಹೇಳಲಿಲ್ಲ. ಕೇಳಿದರೆ ನಗುವರು. ಹಾಲುಹಲ್ಲಿನ ಮಗುವಿಗೂ ಗೊತ್ತಿತ್ತು, ಟೀಚರಮ್ಮನಿಗೆ ಹೆಸರು ಹೇಳಬಾರದು ಎಂದು.

"ಮತ್ತೆ ಮಕ್ಕಳನ್ನ ಹೇಗೆ ಕರೀತಿದ್ರಿ?"

ಅವರು ದಿಂಬಿನ ಕೆಳಗಿನಿಂದ ಕ್ಲಾಪರನ್ನು ತೆಗೆದರು. ಬೆರಳಿನ ಜಾಗದಲ್ಲಿ ಮರ ಸವೆದು ಗುಳಿ ಬಿದ್ದಿತ್ತು. ಕಟ್ ಕಟ್, ಕಟ್. ತಡೆದು, ಮತ್ತೆ ಬೇರೆ ರೀತಿ: ಕಟ್, ಕಟ್ ಕಟ್ ಕಟ್. "ಒಂದೊಂದು ಮಗುವಿಗೆ ಒಂದೊಂದು ತಾಳ. ಇದು ಓಡಿ ಬರುವವನು. ಇದು ಅಳುಬುರುಕಿ." ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಹೆಸರಿಲ್ಲದೆ ಬ್ಯಾಪ್ಟಿಸಮ್ ಇಲ್ಲ. ಹಾಗಾಗಿ ಆ ಮಿಷನ್ನಿನಲ್ಲಿ ಕೊನೆಯ ತನಕ ಒಬ್ಬರೂ ಕ್ರಿಶ್ಚಿಯನ್ ಆಗಲಿಲ್ಲ. ಮೇಲಿನವರು ಪ್ರತಿ ವರ್ಷ, "ಫಲ ಎಲ್ಲಿ?" ಎಂದು ಕೇಳುವರು. ಇವರು, "ಮಕ್ಕಳ ಹಲ್ಲು ಚೆನ್ನಾಗಿವೆ," ಎಂದು ಉತ್ತರ ಕೊಡುವರು. ಆ ತಾಯಿಯೂ ಮಾತ್ರೆಗೆ ಬರುತ್ತಿದ್ದಳು. ಕೈ ಚಾಚುವಳು, ತೆಗೆದುಕೊಳ್ಳುವಳು, ಹೋಗುವಳು. ಒಂದೇ ಒಂದು ಮಾತೂ ಇಲ್ಲ. ಅವಳ ಮನೆಯಲ್ಲಿ ಮತ್ತೆ ಮಗು ಹುಟ್ಟಲಿಲ್ಲ. ಅಂದರೆ, ಅವರ ಲೆಕ್ಕದಲ್ಲಿ ಆ ಹುಡುಗಿ ಇನ್ನೂ ಮನೆಯ ಹೊರಗೆ ನಿಂತೇ ಇದ್ದಾಳೆ. ಹಾಗೆ ನಿಲ್ಲಿಸಿದವರು ಸಿಸ್ಟರ್.

ಕೊನೆಗೆ ಅವರನ್ನು ಬೆಟ್ಟದಿಂದ ಇಳಿಸಿದ ರೀತಿ ಕೇಳಿ. ಒಂದು ದಿನ ಜೀಪಿನಲ್ಲಿ ಗಂಡಸರು ಬಂದರಂತೆ, ಮೊಬೈಲ್ ಎತ್ತಿ ಹಿಡಿದುಕೊಂಡು. "ಎಷ್ಟು ಜನನ್ನ ಮತಾಂತರ ಮಾಡಿದೀರ ಮೇಡಂ? ಹೆಸರು ಹೇಳಿ!"

"ನೀವೇ ಕೇಳಿ ಬನ್ನಿ," ಎಂದರಂತೆ ಇವರು. "ನಿಮಗೆ ಹೇಳಿದ್ರೆ ನನಗೂ ಸ್ವಲ್ಪ ತಿಳಿಸಿ. ನಾನು ಕೇಳಿ ಕೇಳಿ ಸಾಕಾಗಿದೆ."

ಇದು ತಮಾಷೆ ಎಂದು ಅವರಿಗೆ ತಿಳಿಯಲಿಲ್ಲ. ವಿಡಿಯೋ ಓಡಾಡಿತು. ಅವರ ಕಾಂಗ್ರಿಗೇಷನ್ನಿನ ಮೇಲಿನವರು ಹೆದರಿ, ಸೇಫ್ಟಿ ಎಂದು ಹೇಳಿ ಸಿಸ್ಟರನ್ನು ಒಂದು ಚೀಲದೊಂದಿಗೆ ಜೀಪು ಹತ್ತಿಸಿದರು. ಒಬ್ಬರನ್ನೂ ಮತಾಂತರ ಮಾಡದ ತಪ್ಪಿಗೆ ಒಳಗಿನವರ ತಾತ್ಸಾರ, ಮಾಡಿದರೆಂಬ ಆರೋಪಕ್ಕೆ ಹೊರಗಿನವರ ಬೈಗುಳ. ಎರಡನ್ನೂ ಹೊತ್ತುಕೊಂಡು ಹೇರೋಹಳ್ಳಿಗೆ ಬಂದರು. ಜೀಪು ಹೊರಟಾಗ ಹಳ್ಳದ ಆಚೆ ಆ ತಾಯಿ ನಿಂತಿದ್ದಳಂತೆ. ಕೈ ಎತ್ತಲಿಲ್ಲ.

ಆ ಬೈಗುಳ ನನ್ನ ಪಾಲಿಗೂ ಸ್ವಲ್ಪ ಬಂತು. ಪಾರ್ಕಿನಲ್ಲಿ ಜೊತೆಗೆ ವಾಕ್ ಮಾಡುವ ಎದುರು ಮನೆಯಾಕೆ, "ಏನ್ರೀ, ವಾರ ವಾರ ಸಿಸ್ಟರ್ ಮನೆ? ಲಿಂಗ ತೆಗೆದಿಟ್ಟು ಶಿಲುಬೆ ಹಾಕ್ಕೋಬೇಡಿ ಮತ್ತೆ!" ಎಂದಳು.

"ಹಾಕ್ಕೊಂಡ್ರೆ ನಿಮ್ಗೇ ಮೊದ್ಲು ಕೇಕ್ ಕಳಿಸ್ತೀನಿ," ಎಂದೆ. ಅವಳು ನಕ್ಕಳು, ಆದರೆ ಮಾರನೆಯ ದಿನದಿಂದ ಬೇರೆ ಟೈಮಿಗೆ ವಾಕ್ ಬರತೊಡಗಿದಳು.

ಹೋದ ವರ್ಷ ಸಿಸ್ಟರ್ ಹಾಸಿಗೆ ಹಿಡಿದರು. ಅಂದರೆ ಚಾಪೆಯಿಂದ ಎತ್ತಿ ಮಂಚದ ಮೇಲೆ ಹಾಕಿದರು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ಗುರುಬಸವ್ವ, ಒಂದು ಕೆಲಸ ಉಂಟು," ಎಂದರು. "ನಾನು ಹೋದ ಮೇಲೆ ಇವರು ಮಾಸ್ ಮಾಡ್ತಾರೆ. ಮಾಡ್ಲಿ. ನನ್ನ ಹೆಸರು ಮಾತ್ರ ಕೂಗ್ಲಿಕ್ಕೆ ಬೇಡ ಅಂತ ಹೇಳು. ನಾನು ಹೇಳಿದ್ರೆ ತಲೆ ಕೆಟ್ಟಿದೆ ಅಂತಾರೆ. ನೀನು ಇಂಗ್ಲಿಷಲ್ಲಿ ಹೇಳು."

"ನೀವು ಅದನ್ನ ನಂಬ್ತೀರಾ ಸಿಸ್ಟರ್?"

"ನಾನು ಎಂತ ನಂಬುದು ಅಂತ ಯಾರಿಗೆ ಬೇಕು? ಆ ತಾಯಿ ನಂಬ್ತಾಳೆ. ನಾನು ಹೋದೆ ಅಂತ ಅವಳಿಗೆ ಸುದ್ದಿ ಮುಟ್ಟಿಸು. ಹೆಸರು ಯಾರೂ ಕೂಗ್ಲಿಲ್ಲ ಅಂತಲೂ ಮುಟ್ಟಿಸು." ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಟೀಚರಮ್ಮ ಕೊನೆಗೂ ಕಲ್ತಳು ಅಂತ ಅವಳಿಗೆ ಗೊತ್ತಾಗಬೇಕು. ಅಷ್ಟೇ."

ಇಡೀ ಬದುಕನ್ನು ಕೊಟ್ಟವರು ಕೇಳಿದ್ದು ಅಷ್ಟೇ.

ನಾನು ಆ ಮನೆ ನೋಡಿಕೊಳ್ಳುವ ಸುಪೀರಿಯರ್ ಸಿಸ್ಟರಿನ ಆಫೀಸಿಗೆ ಹೋದೆ. ಚಿಕ್ಕ ವಯಸ್ಸಿನಾಕೆ, ಚುರುಕು. ನಾನು ನನ್ನ ಬೆಸ್ಟ್ ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕನ್ನಡದಲ್ಲಿ ಉತ್ತರ ಕೊಟ್ಟಳು. "ಆಂಟಿ, ಅದು ಹೇಗಾಗತ್ತೆ? ಹೆಸರಿಲ್ದೆ ಫ್ಯೂನರಲ್ ಮಾಸ್ ಮಾಡಕ್ಕಾಗಲ್ಲ. ಅವ್ರಿಗೆ ವಯಸ್ಸಾಗಿದೆ. ಕಾಡಲ್ಲಿ ಇದ್ದೂ ಇದ್ದೂ ಸ್ವಲ್ಪ ಆ ಕಡೆಯವ್ರೇ ಆಗ್ಬಿಟ್ಟಿದಾರೆ."

"ಅಂದ್ರೆ ಆ ಮಿಷನ್ನಿನಲ್ಲಿ ಕನ್ವರ್ಟ್ ಆಗಿದ್ದು ಇವರೊಬ್ಬರೇ ಅಂತಾಯ್ತು," ಎಂದೆ.

ಆಕೆ ನಗಲಿಲ್ಲ. "ನೋಡೋಣ ಆಂಟಿ," ಎಂದು ಫೋನ್ ಎತ್ತಿಕೊಂಡಳು.

ಸಿಸ್ಟರ್ ಹೋದ ದಿನ ನಾನು ಬೆಟ್ಟದ ಬುಡದ ಟೀ ಅಂಗಡಿಗೆ ಫೋನ್ ಮಾಡಿದೆ. ಆ ನಂಬರನ್ನು ಸಿಸ್ಟರ್ ಬಾಯಿಪಾಠ ಮಾಡಿಸಿದ್ದರು. "ಟೀಚರಮ್ಮ ಹೋದ್ರು ಅಂತ ಹಳ್ಳದಾಚೆ ಹೇಳಿ," ಎಂದೆ. ಹೆಸರು ಹೇಳಲಿಲ್ಲ. ಎಷ್ಟೋ ವರ್ಷ ಟ್ರಂಕ್ ಕಾಲ್ ಜೋಡಿಸಿದವಳು ನಾನು. ಅಷ್ಟು ಜೋಪಾನವಾಗಿ ಯಾವ ಕಾಲನ್ನೂ ಜೋಡಿಸಿರಲಿಲ್ಲ. ಸುದ್ದಿ ಮುಟ್ಟಿದರೆ ಸಾಕು ಎಂದುಕೊಂಡಿದ್ದೆ. ಆ ತಾಯಿ ಬಂದೇ ಬಿಡುತ್ತಾಳೆ ಎಂದುಕೊಂಡಿರಲಿಲ್ಲ.

ಮಣ್ಣು ಮಾಡುವ ದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತಿದ್ದಳು. ಕಡ್ಡಿಯಂಥ ಮುದುಕಿ, ತಲೆಯ ಮೇಲೆ ಸೆರಗು, ಬರಿಗಾಲು. ಜೊತೆಗೆ ಅವಳ ತಮ್ಮನ ಮಗ, ಮಧ್ಯವಯಸ್ಸಿನ ಗಂಡಸು. ಅವರ ತಲೆಯ ಮೇಲೆ ಗೇಟಿನುದ್ದಕ್ಕೂ ಫ್ಲೆಕ್ಸ್ ಕಟ್ಟಿದ್ದರು. ಸಿಸ್ಟರಿನ ಯಾವುದೋ ಹಳೆಯ ಫೋಟೋ, ಗುಲಾಬಿ ಬಳಿದ ಕೆನ್ನೆ, ಅದರ ಕೆಳಗೆ ಮೊಳದುದ್ದ ಅಕ್ಷರಗಳಲ್ಲಿ ಹೆಸರು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ.

"ಅದೇನವ್ವ ಬರ್ದಿರಾದು?" ಎಂದು ಅವಳು ನನ್ನನ್ನು ಕೇಳಿದಳು.

"ಏನೋ ಬರೆದಿದಾರೆ, ಬಿಡಿ," ಎಂದೆ.

ತಮ್ಮನ ಮಗ ಅದನ್ನು ಓದುತ್ತಿದ್ದ. ಓದಿ ಮುಗಿಸಿ ತಲೆ ತಗ್ಗಿಸಿದ. ಅವನಿಗೆ ಓದು ಕಲಿಸಿದವರು ಸಿಸ್ಟರೇ.

ಚಾಪೆಲ್ಲಿನಲ್ಲಿ ನಾವು ಕೊನೆಯ ಬೆಂಚಿನಲ್ಲಿ ಕುಳಿತೆವು. ಮುದುಕಿ ಬೆಂಚು ಬೇಡವೆಂದು ನೆಲದ ಮೇಲೆ ಕುಳಿತಳು. ಸುಪೀರಿಯರ್ ನನ್ನನ್ನು ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಿದಳು. ಮೈಕ್ ಗೊಯ್ಯೆಂದಿತು. ಫಾದರ್ ಮೊದಲ ಪ್ರಾರ್ಥನೆಯಲ್ಲಿಯೇ ಹೆಸರು ಹಿಡಿದು ಕರೆದರು. ಆಮೇಲೆ ಪ್ರತಿ ಪ್ರಾರ್ಥನೆಯಲ್ಲೂ. ನಮ್ಮ ಸಹೋದರಿ ಇಂಥವರ ಆತ್ಮಕ್ಕೆ, ನಿನ್ನ ಸೇವಕಿ ಇಂಥವರಿಗೆ. ಸ್ಪೀಕರುಗಳು ಅಂಗಳದಲ್ಲಿಯೂ ಇದ್ದವು, ರಸ್ತೆಯ ತನಕ ಕೇಳಿಸುತ್ತಿತ್ತು. ಫಾದರ್ ತಮ್ಮ ಉಪದೇಶದಲ್ಲಿ, ಕತ್ತಲೆಯಲ್ಲಿದ್ದ ಸಾವಿರಾರು ಆತ್ಮಗಳನ್ನು ಅವರು ಬೆಳಕಿಗೆ ತಂದರು ಎಂದರು. ಅದರಲ್ಲೊಂದು ಆತ್ಮ ನನ್ನ ಕಾಲಿನ ಬಳಿ ನೆಲದ ಮೇಲೆ ಕುಳಿತಿತ್ತು. ಕೊನೆಯಲ್ಲಿ ಸ್ಕೂಲಿನಿಂದ ಕರೆತಂದಿದ್ದ ಹುಡುಗಿಯರು ಕೈಯಲ್ಲೊಂದೊಂದು ಹೂವು ಹಿಡಿದು, ಟೀಚರ್ ಸನ್ನೆ ಮಾಡಿದ ಕೂಡಲೇ, ಥ್ಯಾಂಕ್ ಯೂ ಎಂದು ಹೇಳಿ ಹೆಸರನ್ನು ಒಕ್ಕೊರಲಿನಿಂದ ಕೂಗಿದರು. ಬ್ಯಾಕ್‌ಬೋನ್ ಎಲ್ಲ ನೆಟ್ಟಗಿದ್ದವು.

ನಾನು ಅಷ್ಟು ಹೊತ್ತೂ ಮುದುಕಿಯನ್ನೇ ನೋಡುತ್ತಿದ್ದೆ. ಎದ್ದು ಹೋಗಿಬಿಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವಳು ಏಳಲಿಲ್ಲ. ಕಿವಿ ಮುಚ್ಚಿಕೊಳ್ಳಲಿಲ್ಲ. ಫಾದರಿನ ಬಾಯನ್ನೇ ನೋಡುತ್ತ, ಮುಗಿಯುವ ತನಕ ಕುಳಿತಿದ್ದಳು.

ಗೋರಿಯ ಹತ್ತಿರ ಅವಳು ಬರಲಿಲ್ಲ. ಊಟಕ್ಕೆ ನಿಲ್ಲಲಿಲ್ಲ. ನಾನು ಆಟೋ ಮಾಡಿ ಇಬ್ಬರನ್ನೂ ಕೆಂಗೇರಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ತಮ್ಮನ ಮಗ ಮೈಸೂರು ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ಹೋದ. ನಾವಿಬ್ಬರೂ ಕಲ್ಲುಬೆಂಚಿನ ಪಕ್ಕ ನಿಂತಿದ್ದೆವು. ನಾನು ಬ್ಯಾಗಿನಿಂದ ಕ್ಲಾಪರ್ ತೆಗೆದೆ. ಸಿಸ್ಟರಿನ ದಿಂಬಿನ ಕೆಳಗಿನಿಂದ ಹಿಂದಿನ ದಿನವೇ ತೆಗೆದಿಟ್ಟುಕೊಂಡಿದ್ದೆ, ಇವಳಿಗೆ ಸೇರಬೇಕಾದದ್ದು ಎನಿಸಿತ್ತು. ಅವಳು ಅದನ್ನು ಗುರುತು ಹಿಡಿದಳು. ಕೈ ಚಾಚಲಿಲ್ಲ.

"ಬ್ಯಾಡ ಕಣವ್ವ. ನಮ್ಮ ಹೈಕಳ ಕೈಗೆ ಸಿಕ್ಕಿ ಹೊಡ್ದುಬುಟ್ರೆ, ಕೂಗ್ದಂಗೇ ಆಯ್ತದೆ."

"ಅವರು ಹೇಳಿದ್ರು," ಎಂದೆ. ನನ್ನ ಕನ್ನಡ, ನನ್ನ ಇಂಗ್ಲಿಷ್ ಎರಡೂ ಕೈಕೊಟ್ಟಿದ್ದವು. "ಹೆಸರು ಕೂಗಬೇಡಿ ಅಂತ ಹೇಳಿದ್ರು. ನಿಮಗೆ ಗೊತ್ತಾಗಲಿ ಅಂತಾನೇ ಹೇಳಿದ್ರು. ಈ ಜನ ಕೇಳಲಿಲ್ಲ. ಅವರು ಕಲಿತಿದ್ರು ಅಮ್ಮ. ನಿಜವಾಗಿ ಕಲಿತಿದ್ರು."

ಅವಳು ಮಾತಿಗೆ ಅಡ್ಡ ಬರಲಿಲ್ಲ. ನಾನು ಮುಗಿಸಿದೆನೋ ಇಲ್ಲವೋ ಎಂದು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು, ದಿನಸಿ ಬೆಲೆಯ ಮಾತಾಡುವಷ್ಟು ತಣ್ಣಗೆ ಹೇಳಿದಳು:

"ಕೂಗಿದ್ದೇ ಒಳ್ಳೇದಾಯ್ತು ಬುಡವ್ವ. ನನ್ ಕೂಸು ಈಟು ಕಾಲ ಒಂದೇ ನಿಂತಿತ್ತು ಹೊರಗೆ. ಇನ್ನು ಟೀಚರಮ್ಮ ಜತೇಲಿ ನಿಂತ್ಕತಾಳೆ."

ಅದು ಶಾಪವೋ, ಕ್ಷಮೆಯೋ, ಬರೀ ಲೆಕ್ಕ ಚುಕ್ತಾ ಆದ ಸಮಾಧಾನವೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವಳ ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ.

ಬಸ್ಸು ಬಂತು. ತಮ್ಮನ ಮಗ ಅವಳ ರಟ್ಟೆ ಹಿಡಿದು ಹತ್ತಿಸಿದ. ಕಿಟಕಿಯ ಪಕ್ಕ ಕುಳಿತಳು, ತಲೆಯ ಮೇಲಿನ ಸೆರಗು ಮಾತ್ರ ಕಾಣುತ್ತಿತ್ತು. ತಿರುಗಿ ನೋಡಲಿಲ್ಲ. ಬಸ್ಸು ಮೈಸೂರು ರಸ್ತೆಯ ಹೊಗೆಯೊಳಗೆ ಸೇರುವಾಗ ಇನ್ನೊಂದು ಮಾತು ಹೇಳಬೇಕು ಎನಿಸಿ, ಕೂಗಲು ಬಾಯಿ ತೆರೆದೆ. ಏನೆಂದು ಕೂಗಲಿ? ಬೆಳಗಿನಿಂದ ಜೊತೆಗಿದ್ದಳು, ನನಗೂ ಅವಳು ಹೆಸರು ಹೇಳಿರಲಿಲ್ಲ.